ಅತಿಥಿ ಭೋಜನದಲ್ಲಿ ವೈನ್ ಆಯ್ಕೆ: ಪ್ರತಿಷ್ಠೆಗಿಂತ ಲೆಕ್ಕಾಚಾರ ಮೇಲು

ವ್ಯಾಪಾರ ಸಂಬಂಧ ಬಲಗೊಳ್ಳುವುದು ಕೇವಲ ಕಚೇರಿಯಲ್ಲಲ್ಲ, ಊಟದ ಮೇಜಿನಲ್ಲಿ ಕೂಡ ಎಂಬುದು ನಮ್ಮ ಹಿರಿಯ ವರ್ತಕರು ಬಲ್ಲ ಸತ್ಯ. ಆದರೆ ಆ ಮೇಜಿನ ಸ್ವರೂಪವೇ ಈಚೆಗೆ ಬದಲಾಗಿದೆ. ಬೆಂಗಳೂರು, ಮುಂಬಯಿ, ದೆಹಲಿಯಂತಹ ನಗರಗಳ ಪ್ರತಿಷ್ಠಿತ ರೆಸ್ಟೋರೆಂಟುಗಳಲ್ಲಿ 'ಟೇಸ್ಟಿಂಗ್ ಮೆನು' ಎಂಬ ಪದ್ಧತಿ ನೆಲೆಯೂರಿದೆ. ಇದರಲ್ಲಿ ಅತಿಥಿಯು ತನಗೆ ಬೇಕಾದುದನ್ನು ಆರಿಸುವುದಿಲ್ಲ. ಬಾಣಸಿಗರು ನಿಶ್ಚಯಿಸಿದ ಏಳೆಂಟು, ಕೆಲವೊಮ್ಮೆ ಹತ್ತಕ್ಕೂ ಹೆಚ್ಚು ಪುಟ್ಟ ಪುಟ್ಟ ಖಾದ್ಯಗಳು ಒಂದರ ಹಿಂದೊಂದರಂತೆ ಬರುತ್ತವೆ. ದರವೂ ತಲೆಗೆ ಇಷ್ಟೆಂದು ನಿಗದಿಯಾಗಿರುತ್ತದೆ. 2016ರಲ್ಲಿ ಮುಂಬಯಿಯಲ್ಲಿ ಆರಂಭವಾದ 'ಮಾಸ್ಕ್' ಈ ಪದ್ಧತಿಗೆ ನಮ್ಮ ದೇಶದಲ್ಲಿ ಹೆಸರು ತಂದುಕೊಟ್ಟ ಸಂಸ್ಥೆಗಳಲ್ಲೊಂದು.

ಊಟದ ದರ ಮೊದಲೇ ತಿಳಿದಿರುವುದರಿಂದ ಆತಿಥ್ಯ ನೀಡುವವರಿಗೆ ಅದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಕಾದಿರುವುದು ವೈನ್‌ನಲ್ಲಿ. ಎಲ್ಲರೂ ಕುಳಿತ ಮೇಲೆ, 'ವೈನ್ ಪೇರಿಂಗ್ ಸೇರಿಸೋಣವೇ?' ಎಂಬ ವಿನಯದ ಪ್ರಶ್ನೆ ಬರುತ್ತದೆ. ಅಂದರೆ ಖಾದ್ಯಗಳಿಗೆ ಹೊಂದುವ ಬೇರೆ ಬೇರೆ ವೈನ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುವ ವ್ಯವಸ್ಥೆ. ಅತಿಥಿಗಳ ಎದುರಿನಲ್ಲಿ ದರ ವಿಚಾರಿಸುವ ಧೈರ್ಯ ಯಾರಿಗಿದೆ?

ನನ್ನ ಕಕ್ಷಿದಾರರೊಬ್ಬರು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿ. ವಿದೇಶದಿಂದ ಬಂದ ಇಬ್ಬರು ಖರೀದಿದಾರರನ್ನು ತಮ್ಮ ಮಗನೊಡನೆ ಇಂತಹ ಊಟಕ್ಕೆ ಕರೆದೊಯ್ದಿದ್ದರು. ನಾಲ್ವರಿಗೂ ಪೇರಿಂಗ್ ಬಂತು. ಬಿಲ್ಲು ನನ್ನ ಮೇಜಿಗೆ ಬಂದಾಗ ನೋಡಿದರೆ, ವೈನ್‌ನ ಮೊತ್ತ ಊಟದ ಮೊತ್ತವನ್ನೂ ಮೀರಿತ್ತು. ಅವರ ಕಾರ್ಖಾನೆಯ ಒಬ್ಬ ಲೇತ್ ಕೆಲಸಗಾರನ ತಿಂಗಳ ವೇತನಕ್ಕೆ ಸಮನಾಗಿತ್ತು. ವಿಚಾರಿಸಿದಾಗ ಅವರು ಹೇಳಿದರು: "ಆಡಿಟರೇ, ನಾನು ಕುಡಿಯುವವನೇ ಅಲ್ಲ. ಬೇಡ ಎಂದರೆ ಅವರೇನು ಅಂದುಕೊಳ್ಳುತ್ತಾರೋ ಎಂದು ಹೂಂ ಅಂದುಬಿಟ್ಟೆ." ಮರುದಿನ ಬೆಳಿಗ್ಗೆಯೇ ಕಾರ್ಖಾನೆ ತಪಾಸಣೆಯಿದ್ದುದರಿಂದ ಆ ಅತಿಥಿಗಳು ಸಹ ಪ್ರತಿ ಲೋಟದಲ್ಲಿ ಅರ್ಧ ಬಿಟ್ಟಿದ್ದರಂತೆ. ಆರ್ಡರ್ ದೊರೆಯಿತು, ನಿಜ. ಆದರೆ ಅದು ದೊರೆತದ್ದು ತಪಾಸಣೆಯಲ್ಲಿ ಕಂಡ ಗುಣಮಟ್ಟದಿಂದಲೇ ಹೊರತು ಹಿಂದಿನ ರಾತ್ರಿಯ ಲೋಟಗಳಿಂದಲ್ಲ.

ಕಚ್ಚಾವಸ್ತು ಕೊಳ್ಳುವಾಗ ಕಿಲೋಗೆ ಎಷ್ಟೆಂದು ಕೇಳದೆ ಯಾವ ತಯಾರಕನೂ ಸಹಿ ಹಾಕುವುದಿಲ್ಲ. ವೈನ್‌ಗೂ ಅದೇ ನಿಯಮ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಬಾಟಲಿಯೊಂದರಲ್ಲಿ 750 ಮಿಲಿಲೀಟರ್ ವೈನ್ ಇರುತ್ತದೆ. ಪೇರಿಂಗ್‌ನಲ್ಲಿ ಒಂದು ಸಲಕ್ಕೆ 75 ಮಿಲಿಲೀಟರ್‌ನಂತೆ ಐದು ಬಾರಿ ಸುರಿದರೆಂದು ಇಟ್ಟುಕೊಳ್ಳೋಣ. ಒಬ್ಬರಿಗೆ 375 ಮಿಲಿಲೀಟರ್, ಅಂದರೆ ಅರ್ಧ ಬಾಟಲಿ. ನಾಲ್ವರಿಗೆ ಸರಿಯಾಗಿ ಎರಡು ಬಾಟಲಿ. ಆದುದರಿಂದ ನಾಲ್ಕು ಪೇರಿಂಗ್‌ಗಳ ದರವನ್ನು ಅದೇ ಪಟ್ಟಿಯಲ್ಲಿರುವ ಎರಡು ಒಳ್ಳೆಯ ಬಾಟಲಿಗಳ ದರದೊಡನೆ ಹೋಲಿಸಿ ನೋಡಬೇಕು. ತೆರೆದ ಬಾಟಲಿಯ ವೈನ್ ಗಾಳಿ ತಗುಲಿ ಕೆಲವೇ ದಿನಗಳಲ್ಲಿ ಕೆಡುತ್ತದೆ. ಆ ನಷ್ಟದ ಸಂಭವವನ್ನು ಲೋಟದ ದರದಲ್ಲಿ ಸೇರಿಸುವುದು ವ್ಯಾಪಾರಧರ್ಮವೇ ಆಗಿದೆ. ಅದರಲ್ಲಿ ರೆಸ್ಟೋರೆಂಟಿನವರ ತಪ್ಪೇನೂ ಇಲ್ಲ. ಆದರೆ ಆ ಹೊರೆಯನ್ನು ಹೊರಲೇಬೇಕೆ ಎಂದು ನಿರ್ಧರಿಸುವ ಹಕ್ಕು ನಮ್ಮದು.

ಹಾಗಾದರೆ ಎರಡೇ ಬಾಟಲಿಗಳು ಎಂಟು ಖಾದ್ಯಗಳಿಗೆ ಹೊಂದುವುವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಪಾಂಡಿತ್ಯ ಬೇಕಿಲ್ಲ. ನಮ್ಮ ನಾಲಗೆಗೆ ಪರಿಚಿತವಾದ ಹುಳಿ, ಒಗರು, ಸಿಹಿ, ಖಾರಗಳ ತಿಳಿವಳಿಕೆ ಸಾಕು. ಕೆಂಪು ವೈನ್‌ನ ಒಗರು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುತ್ತದೆ. ಖಾರದ ತಿನಿಸಿನೊಡನೆ ಈ ಒಗರು ಇನ್ನಷ್ಟು ಒರಟಾಗಿ ತೋರುತ್ತದೆ. ಮದ್ಯಾಂಶ ಹೆಚ್ಚಿದ್ದರೆ ಬಾಯಿಯ ಉರಿಯೂ ಹೆಚ್ಚುತ್ತದೆ. ವೈನ್‌ನಲ್ಲಿ ಉಳಿದ ತುಸು ಸಿಹಿ ಖಾರವನ್ನು ಶಮನಗೊಳಿಸುತ್ತದೆ. ಹುಣಸೆ ಅಥವಾ ನಿಂಬೆಯ ಹುಳಿಯಿರುವ ಖಾದ್ಯಕ್ಕೆ ಅಷ್ಟೇ ಹುಳಿಯುಳ್ಳ ವೈನ್ ಬೇಕು. ಇಲ್ಲವಾದರೆ ವೈನ್ ಸಪ್ಪೆಯೆನಿಸುತ್ತದೆ. ಕರಿದ ತಿನಿಸಿನ ಜಿಡ್ಡನ್ನು ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್ ಕಳೆಯುತ್ತದೆ. ಸಿಹಿತಿಂಡಿಯೊಡನೆ ಕುಡಿಯುವ ವೈನ್ ಆ ತಿಂಡಿಗಿಂತಲೂ ಸಿಹಿಯಾಗಿರಬೇಕು. ಟೇಸ್ಟಿಂಗ್ ಮೆನು ಸಾಮಾನ್ಯವಾಗಿ ಹಗುರದಿಂದ ಗಟ್ಟಿಗೆ ಸಾಗುವುದರಿಂದ ವೈನ್ ಸಹ ಅದೇ ಕ್ರಮದಲ್ಲಿ, ಬಿಳಿಯ ಬಳಿಕ ಕೆಂಪು ಎಂಬಂತೆ ಸಾಗಿದರೆ ಸಾಕು.

ಈ ದೃಷ್ಟಿಯಿಂದ ನೋಡಿದಾಗ, ಮಸಾಲೆ ಪ್ರಧಾನವಾದ ಭಾರತೀಯ ಟೇಸ್ಟಿಂಗ್ ಮೆನುವಿಗೆ ಪಟ್ಟಿಯಲ್ಲಿನ ಅತಿ ದುಬಾರಿ ಕೆಂಪು ವೈನ್ ಬಹುಮಟ್ಟಿಗೆ ತಪ್ಪು ಆಯ್ಕೆಯೇ ಸರಿ. ಒಂದು ಸ್ಪಾರ್ಕ್ಲಿಂಗ್ ಅಥವಾ ಹುಳಿಯುಳ್ಳ ಬಿಳಿ ವೈನ್ ಆರಂಭದ ನಾಲ್ಕೈದು ಖಾದ್ಯಗಳನ್ನು ನಿಭಾಯಿಸುತ್ತದೆ. ಒಗರು ಕಡಿಮೆಯಿರುವ ಒಂದು ಕೆಂಪು ವೈನ್ ಉಳಿದುದನ್ನು ನಿಭಾಯಿಸುತ್ತದೆ. ನಾಸಿಕದ ಸುತ್ತಮುತ್ತ ತಯಾರಾಗುವ ಶೆನಿನ್ ಬ್ಲಾಂಕ್ ಮತ್ತು ಸೊವಿನ್ಯೊ ಬ್ಲಾಂಕ್ ದ್ರಾಕ್ಷಿಗಳ ಬಿಳಿ ವೈನ್ ಮೊದಲನೆಯದಕ್ಕೆ ಒಪ್ಪುತ್ತದೆ. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಾರಸ ಉದ್ಯಮಕ್ಕೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ನಂದಿಬೆಟ್ಟದ ತಪ್ಪಲಿನ ಗ್ರೋವರ್, ಹಂಪಿ ಸೀಮೆಯ ಕೃಷ್ಮ ಮುಂತಾದ ತಯಾರಕರ ವೈನ್‌ಗಳು ಒಳ್ಳೆಯ ಹೆಸರು ಗಳಿಸಿವೆ. ವಿದೇಶೀ ಅತಿಥಿಗೆ ಅವರ ದೇಶದ್ದೇ ವೈನ್ ಕೊಟ್ಟರೆ ವಿಶೇಷವೇನು? ನಮ್ಮ ನೆಲದ ಬೆಳೆಯನ್ನು ಮುಂದಿಟ್ಟರೆ ಮಾತಿಗೊಂದು ವಿಷಯವೂ ಸಿಗುತ್ತದೆ. ಸ್ವತಃ ತಯಾರಕರಾದ ನಾವು ಇನ್ನೊಬ್ಬ ತಯಾರಕನ ಶ್ರಮವನ್ನು ಗೌರವಿಸಿದಂತೆಯೂ ಆಗುತ್ತದೆ.

ಪೇರಿಂಗ್ ಎಂಬುದೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದೊಂದು ನೈಜ ವಿದ್ಯೆ. ಇಬ್ಬರೇ ಕುಳಿತಾಗ ಎರಡು ಬಾಟಲಿ ತೆರೆಸುವುದು ದುಂದುವೆಚ್ಚ. ಆಗ ಲೋಟದ ಲೆಕ್ಕವೇ ಲೇಸು. ಅತಿಥಿಗೆ ವೈನ್‌ನಲ್ಲಿ ನಿಜವಾದ ಆಸಕ್ತಿಯಿದ್ದರೆ, ತಜ್ಞರು ಆಯ್ದ ಐದು ಬಗೆಗಳನ್ನು ಸವಿಯುವುದು ಅವರಿಗೆ ನೆನಪಿನಲ್ಲುಳಿಯುವ ಅನುಭವ. ಅಂತಹವರಿಗೆ ಮಾತ್ರ ಪೇರಿಂಗ್ ಹೇಳಿ, ಉಳಿದವರಿಗೆ ಬೇರೆ ವ್ಯವಸ್ಥೆ ಮಾಡಬಹುದು. ಮುಖ್ಯವಾದುದು ಇಷ್ಟೇ: ಈ ನಿರ್ಧಾರ ಮೇಜಿನಲ್ಲಿ, ಮುಜುಗರದ ನಡುವೆ ಆಗಬಾರದು. ಸ್ಥಳ ಕಾಯ್ದಿರಿಸುವ ದಿನವೇ ಮೆನು, ಪೇರಿಂಗ್ ದರ, ಎಷ್ಟು ಬಾರಿ ಎಷ್ಟು ಮಿಲಿಲೀಟರ್ ಸುರಿಯುತ್ತಾರೆ ಎಂಬುದನ್ನು ಲಿಖಿತವಾಗಿ ತರಿಸಿಕೊಂಡು, ನಮ್ಮ ಮಿತಿಯನ್ನು ತಿಳಿಸಿಬಿಡಬೇಕು.

ಕುಡಿಯದ ಅತಿಥಿಯನ್ನು ಮರೆಯುವುದೂ ಸಲ್ಲದು. ಒತ್ತಾಯದಿಂದ ಲೋಟ ತುಂಬಿಸುವುದು ಆತಿಥ್ಯವಲ್ಲ. ಟೇಸ್ಟಿಂಗ್ ಮೆನು ಬಡಿಸುವ ಅನೇಕ ರೆಸ್ಟೋರೆಂಟುಗಳು ಮದ್ಯವಿಲ್ಲದ ಪಾನೀಯಗಳ ಪೇರಿಂಗನ್ನೂ ಒದಗಿಸುತ್ತವೆ. ಪುನರ್ಪುಳಿಯ ಪಾನಕದ ಹುಳಿ ಕೆಲವು ಖಾದ್ಯಗಳಿಗೆ ವೈನ್‌ಗಿಂತಲೂ ಚೆನ್ನಾಗಿ ಹೊಂದೀತು. ಕುಡಿಯುವವರಿಗಾದರೂ ಅರ್ಧ ಬಾಟಲಿ ಅಲ್ಪವೇನಲ್ಲ. ಮೋಟಾರು ವಾಹನ ಕಾಯಿದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದು ವಾಹನ ನಡೆಸಿದರೆ ಅಪರಾಧ. 2019ರ ತಿದ್ದುಪಡಿಯ ತರುವಾಯ ಮೊದಲ ಬಾರಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಚಾಲಕನ ವ್ಯವಸ್ಥೆ ಆತಿಥ್ಯದ ಭಾಗವೇ ಆಗಿರಲಿ.

ಕೊನೆಯದಾಗಿ ಬಿಲ್ಲಿನ ವಿಚಾರ. ಮಾನವ ಸೇವನೆಯ ಮದ್ಯವು ಜಿಎಸ್‌ಟಿ ವ್ಯಾಪ್ತಿಯಲ್ಲಿಲ್ಲ. ಅದರ ಮೇಲಿನ ತೆರಿಗೆ ರಾಜ್ಯಕ್ಕೆ ಸೇರಿದ್ದು. ಆದುದರಿಂದ ಊಟ ಮತ್ತು ವೈನ್ ಸೇರಿಸಿ ಒಂದೇ ದರ ಹೇಳಿದ್ದರೂ ಬಿಲ್ಲಿನಲ್ಲಿ ಅವೆರಡನ್ನೂ ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು. ವೈನ್ ಮೊತ್ತದ ಮೇಲೂ ಜಿಎಸ್‌ಟಿ ಹಾಕಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಊಟದ ಮೇಲೆ ತೆತ್ತ ಜಿಎಸ್‌ಟಿಗೆ ಸಹ, ಕಾಯಿದೆಯ 17(5)ನೇ ಕಲಮಿನಂತೆ, ನಮ್ಮಂತಹ ಸಾಮಾನ್ಯ ಉದ್ಯಮಗಳಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದಾಯ ತೆರಿಗೆಯಲ್ಲಿ ವೆಚ್ಚ ಒಪ್ಪಿತವಾಗಬೇಕಾದರೆ ಅದು ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಆದದ್ದೆಂದು ತೋರಿಸಬೇಕು. ಅತಿಥಿಗಳ ಹೆಸರು, ಸಂಸ್ಥೆ, ಚರ್ಚಿಸಿದ ವಿಷಯಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಅಂದೇ ಬರೆದಿಡುವುದು ಒಳ್ಳೆಯದು. ವೈನ್ ಬಿಲ್ಲನ್ನು 'ಕಚೇರಿ ಖರ್ಚು' ಎಂದು ಬರೆಸುವ ಚಾಳಿಯನ್ನಂತೂ ದಯವಿಟ್ಟು ಬಿಡಬೇಕು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲೆವು. ಇಂತಹ ಭೋಜನಕ್ಕೆ ಹೊರಡುವ ಮುನ್ನ, ದರವನ್ನು ಕೇಳುವ ಆ ಒಂದು ಮಾತನ್ನೂ ಕಲಿತಿರೋಣ. ಕೇಳುವುದರಿಂದ ಮಾನ ಹೋಗುವುದಿಲ್ಲ. ಕೇಳದೆ ಹೋದರೆ ಹಣವಂತೂ ಹೋಗುತ್ತದೆ.