ಕಾಲು ತುಳಿಯುವ ಮೊದಲು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ತಾತನ ಕಾಲು ತುಳಿದಿದ್ದೀರಿ? ಕೈ ಎತ್ತಿ ನೋಡೋಣ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅದೊಂದು ಸಂಬಳದ ಕೆಲಸ. ಸಂಜೆ ಗದ್ದೆಯಿಂದ ಬಂದ ತಾತ ಚಾಪೆಯ ಮೇಲೆ ಬೋರಲು ಮಲಗಿ, "ಬಾರೋ, ಒಂಚೂರು ತುಳಿ" ಅನ್ನುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಅವರ ಮೀನಖಂಡದ ಮೇಲೆ ಹತ್ತಿ ಮೆಲ್ಲಗೆ ಅತ್ತಿಂದಿತ್ತ ಹೆಜ್ಜೆ ಹಾಕುತ್ತಿದ್ದೆ. ಕೂಲಿ ಐದು ಪೈಸೆ. ನನ್ನ ತಮ್ಮ ಹಗುರ, ತುಳಿದರೆ ಗೊತ್ತೇ ಆಗುವುದಿಲ್ಲ ಎಂದು ಅವನಿಗೆ ಮೂರೇ ಪೈಸೆ. ಈ ಅನ್ಯಾಯವನ್ನು ಅವನು ಇವತ್ತಿಗೂ ಮರೆತಿಲ್ಲ.

ಈಗ ಚಾಪೆಯ ಮೇಲೆ ಮಲಗುವ ಸರದಿ ನನ್ನದು. 35 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಮುಂದೆ ಕೂತವನಿಗೆ ನಿವೃತ್ತಿಯಾದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು: "ನಡೀರಿ ಸ್ವಾಮಿ." ಅಂದಿನಿಂದ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡಿಗೆ, ಮನೆಗೆ ಬಂದು ಹನ್ನೆರಡು ಸೂರ್ಯನಮಸ್ಕಾರ. ಸಕ್ಕರೆ ಹತೋಟಿಗೆ ಬಂತು, ಹೊಟ್ಟೆ ಇಳಿಯಿತು. ಆದರೆ ಹೆಗಲಲ್ಲಿ, ತೊಡೆಯಲ್ಲಿ, ಮೀನಖಂಡದಲ್ಲಿ ಗಂಟುಗಳು ಕಾಣಿಸಿಕೊಂಡವು. ವ್ಯಾಯಾಮ ಮಾಡಿ ಎಂದವರು ಯಾರೂ ಈ ಬಾಬತ್ತಿನ ಬಗ್ಗೆ ಮೊದಲೇ ಹೇಳಿರಲಿಲ್ಲ.

ಗಂಟು ಎಂದರೆ ದಾರಕ್ಕೆ ಬೀಳುವ ಗಂಟಲ್ಲ. ನಮ್ಮ ಮಾಂಸಖಂಡಗಳಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಕಂತೆಕಂತೆಯಾಗಿವೆ. ಕೆಲಸ ಮಾಡುವಾಗ ಬಿಗಿಯಾಗುತ್ತವೆ, ಮುಗಿದ ಮೇಲೆ ಸಡಿಲವಾಗುತ್ತವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಒಂದು ಜಾಗದ ಕೆಲವು ಎಳೆಗಳು ಬಿಗಿದುಕೊಂಡವು ಹಾಗೇ ಉಳಿದುಬಿಡುತ್ತವೆ. ಬೆರಳಿಗೆ ಹುಣಸೆಬೀಜದ ಹಾಗೆ ಗಟ್ಟಿಯಾಗಿ ಸಿಗುತ್ತದೆ, ಒತ್ತಿದರೆ "ಅಯ್ಯೋ" ಅನ್ನಿಸುತ್ತದೆ. ಯಾಕೆ ಸಡಿಲವಾಗುವುದಿಲ್ಲ ಎಂಬ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಲೇ ಇದ್ದಾರೆ.

ವಿಚಿತ್ರವೆಂದರೆ ಗಂಟು ಒಂದು ಕಡೆ, ನೋವು ಇನ್ನೊಂದು ಕಡೆ ಇರಬಹುದು. ಹೆಗಲ ಮೇಲಿನ ಗಂಟು ಕಣತಲೆಯಲ್ಲಿ ನೋವು ತರುತ್ತದೆ. ಇದನ್ನು ಜೀವಮಾನವಿಡೀ ಹುಡುಕಿದವರು ಜಾನೆಟ್ ಟ್ರಾವೆಲ್ ಎಂಬ ಅಮೆರಿಕದ ವೈದ್ಯೆ. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ತೂಗುಕುರ್ಚಿಯಲ್ಲಿ ಕೂರಲು ಹೇಳಿದವರು ಇವರೇ. ಯಾವ ಗಂಟು ಎಲ್ಲಿ ನೋವು ಕೊಡುತ್ತದೆ ಎಂದು ಚಿತ್ರ ಸಮೇತ ತೋರಿಸುವ ದೊಡ್ಡ ಪುಸ್ತಕವನ್ನು ಡೇವಿಡ್ ಸೈಮನ್ಸ್ ಎಂಬ ಇನ್ನೊಬ್ಬ ವೈದ್ಯರ ಜೊತೆ ಸೇರಿ 1983ರಲ್ಲಿ ಹೊರತಂದರು.

ನನಗೆ ಇದು ಬ್ಯಾಂಕಿನ ಲೆಕ್ಕದ ಹಾಗೆ ಕಂಡಿತು. ಸಂಜೆ ಲೆಕ್ಕ ತಾಳೆಯಾಗದೆ ವ್ಯತ್ಯಾಸ ಬಂದರೆ, ಆ ಮೊತ್ತ 9ರಿಂದ ಭಾಗವಾಗುತ್ತದೆಯೇ ಎಂದು ಮೊದಲು ನೋಡುತ್ತಿದ್ದೆವು. ಭಾಗವಾದರೆ ಯಾರೋ ಅಂಕಿಗಳನ್ನು ಹಿಂದುಮುಂದು ಬರೆದಿರಬಹುದು. 45ರ ಬದಲು 54 ಬರೆದರೆ ವ್ಯತ್ಯಾಸ 9. 27ರ ಬದಲು 72 ಬರೆದರೆ 45. ಮಕ್ಕಳೇ, ಬೇಕಾದರೆ ನೀವೇ ಬೇರೆ ಅಂಕಿ ಇಟ್ಟು ನೋಡಿ. ವ್ಯತ್ಯಾಸ ಕಂಡದ್ದು ಕೊನೆಯ ಪುಟದಲ್ಲಿ, ತಪ್ಪು ಇದ್ದದ್ದು ಎಲ್ಲೋ ನಡುವಿನ ಪುಟದಲ್ಲಿ. ಕೊನೆಯ ಪುಟವನ್ನು ಎಷ್ಟು ಗುದ್ದಿದರೂ ಲೆಕ್ಕ ಸರಿಹೋಗದು.

ಎಲ್ಲ ನೋವೂ ಗಂಟಿನದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ಅದೇ ಮೆಟ್ಟಿಲಲ್ಲಿ ಇಳಿದು ಬಂದವರಿಗೆ ಮಾರನೆಯ ದಿನ ತೊಡೆ ಹಿಡಿದುಕೊಂಡು ಕುರ್ಚಿಯಿಂದ ಏಳುವುದೇ ಕಷ್ಟ. ಅದು ಇಳಿದದ್ದರ ಫಲ. ಹತ್ತುವುದಕ್ಕಿಂತ ಇಳಿಯುವಾಗ ತೊಡೆಯ ಎಳೆಗಳಿಗೆ ಹೆಚ್ಚು ಪೆಟ್ಟು. ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ ಎಂದು ವಾಕಿಂಗ್ ಗೆಳೆಯರು ವ್ಯಾಖ್ಯಾನ ಮಾಡುತ್ತಾರೆ. ಆ ಆಮ್ಲ ಒಂದೆರಡು ಗಂಟೆಯಲ್ಲೇ ಖಾಲಿಯಾಗಿರುತ್ತದೆ. ಈ ನೋವು ಇಡೀ ತೊಡೆಗೆ ಬಂದು ಮೂರು ನಾಲ್ಕು ದಿನದಲ್ಲಿ ತಾನೇ ಹೋಗುತ್ತದೆ. ಗಂಟು ಒಂದೇ ಚುಕ್ಕೆಯಲ್ಲಿ ಕೂತು ವಾರವಾದರೂ ಏಳುವುದಿಲ್ಲ.

ಈಗ ನಮ್ಮ ಪುಟ್ಟಿಯ ವಿಷಯ. ನನ್ನ ಮಗನ ಮಗಳು, ಎಂಟನೆಯ ತರಗತಿ, ಶಾಲೆಯ ಖೋ-ಖೋ ತಂಡದಲ್ಲಿದ್ದಾಳೆ. ಖೋ-ಖೋದಲ್ಲಿ ಎಂಟು ಜನ ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಬೆನ್ನ ಹಿಂದೆ "ಖೋ" ಕೇಳಿದ ತಕ್ಷಣ ಬಾಣದ ಹಾಗೆ ಏಳಬೇಕಲ್ಲ, ಆ ಪೆಟ್ಟೆಲ್ಲ ಮೀನಖಂಡಕ್ಕೆ. ಒಂದು ಸಂಜೆ ಕುಂಟುತ್ತಾ ಬಂದು, "ತಾತ, ಇಲ್ಲೇನೋ ಗೋಲಿ ಇದೆ" ಅಂದಳು.

ನಾನು ಮಾಡಿದ ಮೊದಲ ಕೆಲಸ ಅವಳ ಎರಡೂ ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು. ಇದು ಬ್ಯಾಂಕಿನ ಚಟ. ಜಮೆಯ ಬದಿ ನೋಡದೆ ಖರ್ಚಿನ ಬದಿಯ ಬಗ್ಗೆ ಮಾತಾಡಬಾರದು. "ನೋಡು ಪುಟ್ಟಿ, ಮುಟ್ಟುವ ಮೊದಲು ಎರಡೂ ಬದಿ ನೋಡಬೇಕು. ಗಾತ್ರ ಒಂದೇ ಇದೆಯಾ? ಬಿಸಿ ಒಂದೇ ಇದೆಯಾ? ಬಣ್ಣ?" ಎಲ್ಲ ಸಮ ಇತ್ತು. ಗೋಲಿ ಮಾತ್ರ ಬಲಗಾಲಲ್ಲಿ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಹತ್ತು ನಿಮಿಷ ಸುತ್ತಿಟ್ಟೆವು. ಆಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ. ಗಂಟಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಎಷ್ಟು ಒತ್ತಬೇಕು ಎಂಬುದಕ್ಕೆ ನನ್ನ ಲೆಕ್ಕ ಇದು: ಸಹಿಸಲಾಗದ ನೋವಿಗೆ ಹತ್ತು ಅಂಕವಾದರೆ, ಐದಕ್ಕೆ ಬಂದಾಗ ಕೈ ನಿಲ್ಲಬೇಕು. ಅಂಕ ಹೇಳುವವಳು ಅವಳು, ನಾನಲ್ಲ. ಐದರಲ್ಲಿ ನಿಲ್ಲಿಸಿ, ಉಸಿರು ಹಿಡಿಯದೆ ಅರುವತ್ತು ಎಣಿಸುವಷ್ಟು ಹೊತ್ತು ಕಾದೆವು. "ನಾಲ್ಕು… ಮೂರು ತಾತ" ಅಂದಳು. ಬೆರಳ ಕೆಳಗೆ ಬೆಣ್ಣೆ ಕರಗಿದ ಹಾಗೆ ಸ್ವಲ್ಪ ಸಡಿಲವಾದದ್ದು ನನಗೂ ಗೊತ್ತಾಯಿತು. ಗಂಟನ್ನು ಪುಡಿಮಾಡುತ್ತೇನೆಂದು ಜೋರಾಗಿ ತಿಕ್ಕಿದರೆ ಮಾಂಸಖಂಡ ಹೆದರಿ ಇನ್ನಷ್ಟು ಬಿಗಿಯುತ್ತದೆ. ಮಾರನೆಯ ದಿನ ನೀಲಿಗಟ್ಟಿದ ಕಲೆಯೊಂದೇ ಲಾಭ.

ಆಮೇಲೆ ಗೋಡೆಗೆ ಕೈ ಕೊಟ್ಟು, ನೋಯುವ ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದೆ ಬಾಗಿ ಮೂವತ್ತು ಎಣಿಸಬೇಕು. ಜಗ್ಗಾಡಬಾರದು. ಮತ್ತೆ ಅದೇ ಭಂಗಿಯಲ್ಲಿ ಹಿಂದಿನ ಮೊಣಕಾಲನ್ನು ಸ್ವಲ್ಪ ಮಡಿಸಿ ಮೂವತ್ತು. ಮೀನಖಂಡದಲ್ಲಿ ಒಂದರ ಕೆಳಗೊಂದು ಎರಡು ಮಾಂಸಖಂಡಗಳಿವೆ, ಒಳಗಿನದಕ್ಕೆ ಈ ಎರಡನೆಯದು. ಅಜ್ಜಿಯ ಲಟ್ಟಣಿಗೆಯನ್ನು ಮೀನಖಂಡದ ಮೇಲೆ ಹಗುರವಾಗಿ ಉರುಳಿಸುವ ಉಪಾಯ ಪುಟ್ಟಿಯದೇ. ಬೆನ್ನಿನ ಗಂಟಿಗೆ ನಾನು ಗೋಡೆಗೂ ಬೆನ್ನಿಗೂ ನಡುವೆ ಟೆನಿಸ್ ಚೆಂಡು ಇಟ್ಟು ಒರಗುತ್ತೇನೆ. ಚೆಂಡು ಬೆನ್ನುಮೂಳೆಯ ಪಕ್ಕದ ಮಾಂಸದ ಮೇಲಿರಬೇಕು, ಮೂಳೆಯ ಮೇಲಲ್ಲ.

ಎರಡು ದಿನ ಓಟ ಬಿಟ್ಟು ನಡಿಗೆ ಮಾತ್ರ. ಮಲಗಿಬಿಟ್ಟರೂ ಗಂಟು ಬಿಡುವುದಿಲ್ಲ. ಗರಡಿ ಮನೆಯವರಿಗೆ ಇದು ಹಳೆಯ ಸಂಗತಿ. ಸಾಮು ಮುಗಿದ ಮೇಲೆ ಪೈಲ್ವಾನರು ಒಬ್ಬರ ಮೈ ಒಬ್ಬರು ನೀವದೆ ಮನೆಗೆ ಹೋಗುತ್ತಿರಲಿಲ್ಲ. ಐದನೆಯ ದಿನ ಪುಟ್ಟಿಯ ಗೋಲಿ ಮಾಯ.

ಇದಾದ ಕೆಲವು ತಿಂಗಳಿಗೆ ನಾನೂ ನಮ್ಮ ಮನೆಯವರೂ ಪುಣೆಯಲ್ಲಿರುವ ಮಗಳ ಮನೆಗೆ ಹೋಗಿ ಬಂದೆವು. ರಾತ್ರಿಯಿಡೀ ಬಸ್ಸು. ಪದೇ ಪದೇ ಇಳಿಯಬೇಕಾಗುತ್ತದೆಂದು ನೀರು ಕುಡಿಯಲಿಲ್ಲ, ಸೀಟು ಬಿಟ್ಟು ಏಳಲೂ ಇಲ್ಲ. ಮನೆಗೆ ಬಂದ ಮೂರನೆಯ ದಿನ ಎಡ ಮೀನಖಂಡ ನೋಯತೊಡಗಿತು. ಹೋದ ತಕ್ಷಣ ವಾಕಿಂಗ್ ಶುರುಮಾಡಿದ್ದಕ್ಕೆ ಗಂಟು ಬಿದ್ದಿದೆ ಎಂದುಕೊಂಡು ಚಾಪೆ ಹಾಸಿ, "ಪುಟ್ಟಿ, ಬಾ, ತುಳಿ. ಇವತ್ತು ಹತ್ತು ರೂಪಾಯಿ" ಅಂದೆ.

ಅವಳು ಹತ್ತಲಿಲ್ಲ. ಕೂತು ಎರಡೂ ಕಾಲು ನೋಡಿದಳು, ಮುಟ್ಟಿದಳು. "ತಾತ, ಇದು ದಪ್ಪ ಇದೆ. ಬಿಸಿನೂ ಇದೆ."

"ತುಳಿಯೇ ಅಂದರೆ ಲೆಕ್ಕ ಹೇಳ್ತಾಳೆ" ಎಂದು ರೇಗಿದೆ. ಅವಳು ಎದ್ದು ಹೋಗಿ ಅಜ್ಜಿಯ ಹೊಲಿಗೆ ಡಬ್ಬಿಯಿಂದ ಟೇಪು ತಂದು ಅಳೆದಳು. ಬಲಗಾಲು 33 ಸೆಂಟಿಮೀಟರ್, ಎಡಗಾಲು ಮೂವತ್ತಾರೂವರೆ. "ಮೂರೂವರೆ ವ್ಯತ್ಯಾಸ ತಾತ. ಗಂಟಂತೂ ಕೈಗೆ ಸಿಗ್ತಾನೇ ಇಲ್ಲ. ನಾನು ತುಳಿಯಲ್ಲ."

ಮಗ ಅವತ್ತೇ ಆಸ್ಪತ್ರೆಗೆ ಕರೆದೊಯ್ದ. ಡಾಪ್ಲರ್ ಸ್ಕ್ಯಾನ್ ಮಾಡಿದರು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತುಳಿಸಿಕೊಂಡಿದ್ದರೆ, ತಿಕ್ಕಿಸಿಕೊಂಡಿದ್ದರೆ ಅದರ ಚೂರು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದಿತ್ತು ಎಂದರು ಡಾಕ್ಟರು. ಎಷ್ಟು ಅಪಾಯ ಎಂದು ನಾನು ಕೇಳಲಿಲ್ಲ, ಅವರ ಮುಖದಲ್ಲೇ ಇತ್ತು. ಪುಟ್ಟಿ ಬಾಗಿಲ ಹತ್ತಿರ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತಿದ್ದಳು.

ಆದ್ದರಿಂದ ನನ್ನ ಓರಗೆಯವರೇ, ಒಂದೇ ಕಾಲು ಊದಿದ್ದರೆ, ಬಿಸಿಯಾಗಿದ್ದರೆ, ಕೆಂಪಾಗಿದ್ದರೆ ಒತ್ತಿಸಿಕೊಳ್ಳಬೇಡಿ, ಅಂದೇ ಡಾಕ್ಟರ ಹತ್ತಿರ ಹೋಗಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಸಂಜೆಯವರೆಗೂ ಕಾಯಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಜೋರಾಗಿ ನೀವಿಸಿಕೊಳ್ಳುವುದು ಸಲ್ಲದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬಿಸಿನೀರಿನ ಚೀಲವನ್ನು ಕಾಲಿಗೆ ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಮಕ್ಕಳೇ, ಮೊಣಕಾಲ ಚಿಪ್ಪಿನ ಕೆಳಗೆ ಮೂಳೆಯೇ ಉಬ್ಬಿ ನೋಯುತ್ತಿದ್ದರೆ ಅದು ಗಂಟಲ್ಲ. ಬೆಳೆಯುವ ವಯಸ್ಸಿನಲ್ಲಿ ಓಡಿ ಜಿಗಿಯುವವರಿಗೆ ಹಾಗಾಗುತ್ತದೆ. ಅದನ್ನು ಒತ್ತದೆ ಅಮ್ಮನಿಗೆ ತೋರಿಸಿ.

ನನ್ನ ಮಾತ್ರೆ ಮುಗಿದಿದೆ, ಕೆರೆಯ ಸುತ್ತ ಮತ್ತೆ ನಡೆಯುತ್ತಿದ್ದೇನೆ. ಆ ಹತ್ತು ರೂಪಾಯಿ ಕೊಡಲು ಹೋದರೆ ಪುಟ್ಟಿ, "ತುಳಿಯಲಿಲ್ಲವಲ್ಲ ತಾತ" ಎಂದು ವಾಪಸು ಕೊಟ್ಟಳು. ಟೇಪು ಮಾತ್ರ ಇನ್ನೂ ಹೊಲಿಗೆ ಡಬ್ಬಿಗೆ ಹೋಗಿಲ್ಲ. ಲಟ್ಟಣಿಗೆಯೂ ಅವಳ ಕೋಣೆಯಲ್ಲೇ ಇದೆ, ಶನಿವಾರ ಪಂದ್ಯ. ಅಲ್ಲಿಯವರೆಗೂ ಚಪಾತಿ ಇಲ್ಲ ಎಂದಿದ್ದಾರೆ ಅಜ್ಜಿ.