ಪ್ರಶ್ನೆ ಕೇಳುವವರೂ ಮೇಷ್ಟ್ರೇ, ಉತ್ತರ ಗೊತ್ತಿರುವವರೂ ಮೇಷ್ಟ್ರೇ!

ಮೇಷ್ಟ್ರು ಪೆನ್ನು ಎತ್ತಿ ಹಿಡಿದು ‘ವಾಟ್ ಈಸ್ ದಿಸ್?’ ಅನ್ನುತ್ತಾರೆ. ಇಡೀ ಕ್ಲಾಸು ‘ದಿಸ್ ಈಸ್ ಎ ಪೆನ್’ ಎಂದು ರಾಗವಾಗಿ ಕೂಗುತ್ತದೆ. ಅದು ಪೆನ್ನು ಅಂತ ಮೇಷ್ಟ್ರಿಗೆ ಗೊತ್ತು, ಮಕ್ಕಳಿಗೆ ಗೊತ್ತು, ಹೊರಗೆ ಬಿಸಿಯೂಟಕ್ಕೆ ಸೊಪ್ಪು ಹೆಚ್ಚುತ್ತಿರುವ ಅಕ್ಕನಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನೇ ಕೇಳಿದರೆ ಅದು ಪ್ರಶ್ನೆ ಹೇಗಾದೀತು? ಬರೀ ಕವಾಯತು.

ಅದೇ ಪೆನ್ನನ್ನು ಒಂದು ಬಟ್ಟೆ ಚೀಲದೊಳಗೆ ಹಾಕಿ, ಹಿಂದಿನ ಸಾಲಿನ ಹುಡುಗಿಯ ಕೈಗೆ ಕೊಡಿ. ಒಳಗೇನಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಉಳಿದವರು ಇಪ್ಪತ್ತು ಪ್ರಶ್ನೆಯೊಳಗೆ ಕಂಡುಹಿಡಿಯಬೇಕು. ಅವಳು ‘ಯೆಸ್’ ಅಥವಾ ‘ನೋ’ ಅಷ್ಟೇ ಹೇಳಬೇಕು. ‘ಈಸ್ ಇಟ್ ಬಿಗ್?’ ‘ಕ್ಯಾನ್ ವಿ ಈಟ್ ಇಟ್?’ ‘ಈಸ್ ಇಟ್ ಇನ್ ಯುವರ್ ಹೌಸ್?’ ಈಗ ಕೇಳುತ್ತಿರುವವರು ಮಕ್ಕಳು. ಗೊತ್ತಿಲ್ಲ, ಗೊತ್ತಾಗಬೇಕು ಅನ್ನುವ ಕಾರಣಕ್ಕೇ ಕೇಳುತ್ತಿದ್ದಾರೆ. ಭಾಷೆ ಇರುವುದೇ ಇದಕ್ಕೆ ತಾನೇ?

ಆದರೆ ನಮ್ಮಲ್ಲಿ ಈ ಆಟಕ್ಕೆ ಇಟ್ಟಿರುವ ಹೆಸರು ‘ಟೈಮ್‌ಪಾಸ್’. ಶನಿವಾರದ ಕೊನೆಯ ಪಿರಿಯಡ್ಡಿಗೆ, ಸಿಲಬಸ್ ಮುಗಿದು ಉಳಿದ ದಿನಕ್ಕೆ ಮಾತ್ರ ಅದಕ್ಕೆ ಜಾಗ. ಮೇಲಿನವರು ಬಂದರೆ ನೋಡುವುದು ನೋಟ್‌ಬುಕ್ಕು. ಅಪ್ಪ ಅಮ್ಮ ನೋಡುವುದೂ ನೋಟ್‌ಬುಕ್ಕು. ಹಾಗಾಗಿ ಮಕ್ಕಳು ಬೋರ್ಡಿನಲ್ಲಿದ್ದದ್ದನ್ನು ಮುದ್ದಾಗಿ ಇಳಿಸಿಕೊಳ್ಳುತ್ತವೆ; ಬಾಯಿ ಮಾತ್ರ ಮುಚ್ಚಿರುತ್ತದೆ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. 2019-20ರಲ್ಲಿ ಸಾವಿರ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಬೇಕು ಎಂದವರೂ ಬೇಡ ಎಂದವರೂ ಜೋರಾಗಿಯೇ ಬಡಿದಾಡಿದರು. ಯಾವ ಮಾಧ್ಯಮ, ಯಾವ ತರಗತಿಯಿಂದ ಎಂದು ವಾದಿಸಿದ್ದೇ ವಾದಿಸಿದ್ದು. ಆ ನಲವತ್ತು ನಿಮಿಷದಲ್ಲಿ ಮಾತಾಡುವವರು ಯಾರು ಎಂಬ ಸಣ್ಣ ಪ್ರಶ್ನೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಇದು ಹೊಸ ವಿಚಾರವೂ ಅಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವನ್ನು ಇಂಗ್ಲಿಷ್ ಕಲಿಸುವ ಜಗತ್ತು ಇವತ್ತಿಗೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ವ್ಯಾಕರಣದ ಪಟ್ಟಿ ಬದಿಗಿಟ್ಟು ನಕ್ಷೆ, ರೈಲಿನ ವೇಳಾಪಟ್ಟಿಯಂಥವನ್ನು ಕೊಟ್ಟು ಮಕ್ಕಳಿಂದ ಲೆಕ್ಕಾಚಾರ ಹಾಕಿಸಿದರು. ತಲೆ ಒಂದು ಸಮಸ್ಯೆ ಬಿಡಿಸುವುದರಲ್ಲಿ ಮುಳುಗಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ವಾದ. ಒಬ್ಬರಿಗೆ ಗೊತ್ತಿರುವುದನ್ನು ಗೊತ್ತಿಲ್ಲದ ಇನ್ನೊಬ್ಬರಿಗೆ ದಾಟಿಸುವ ಚಟುವಟಿಕೆಯನ್ನೂ ಅವರು ಒಂದು ಬಗೆಯಾಗಿ ಗುರುತಿಸಿದ್ದರು. ಹೊರದೇಶದವರು ಓದಿ ಬೆಳೆಸಿದ ಈ ಪಾಠ ಬೆಂಗಳೂರಿನಿಂದ ನಮ್ಮ ತಾಲೂಕಿಗೆ ಬಸ್ಸು ಹತ್ತಲೇ ಇಲ್ಲ!

‘ಆಟ ಆಡಿದರೆ ವ್ಯಾಕರಣ ಬರುತ್ತಾ?’ ಅನ್ನುವವರಿದ್ದಾರೆ. ಬರುತ್ತೆ ಸ್ವಾಮಿ. ಕನ್ನಡದಲ್ಲಿ ‘ಇದು ಹಣ್ಣು’ ಎಂಬುದಕ್ಕೆ ಕೊನೆಯಲ್ಲೊಂದು ದೀರ್ಘ ಎಳೆದರೆ ‘ಇದು ಹಣ್ಣಾ?’ ಎಂದು ಪ್ರಶ್ನೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ಇಟ್ ಈಸ್’ ತಿರುಗಿ ‘ಈಸ್ ಇಟ್’ ಆಗಬೇಕು. ನಮ್ಮ ಮಕ್ಕಳು ಎಡವುವುದು ಇಲ್ಲೇ. ನಿಯಮ ಬರೆಸಿದರೆ ಅದು ಪುಸ್ತಕದಲ್ಲೇ ಉಳಿಯುತ್ತದೆ. ಒಂದು ಆಟದಲ್ಲಿ ಇಪ್ಪತ್ತು ಸಲ ತಿರುಗಿಸಿ ಕೇಳಿದರೆ ನಾಲಿಗೆಗೆ ಹತ್ತುತ್ತದೆ. ‘ಇಟ್ ಈಸ್ ಫ್ರೂಟಾ?’ ಎಂದು ಮಗು ಕೇಳಿದರೆ ಬೈಯಬೇಡಿ, ಉತ್ತರ ಕೊಡಿಸಿ. ಸರಿಯಾದ ರೂಪವನ್ನು ಮೆತ್ತಗೆ ಹೇಳಿ ಮುಂದೆ ಹೋಗಿ.

‘ಗಲಾಟೆ ಆಗುತ್ತದೆ’ ಎಂಬುದು ಇನ್ನೊಂದು ದೂರು. ಆಗಲಿ. ಮಾತು ಕಲಿಯುವ ಕೋಣೆ ಮೌನವಾಗಿದ್ದರೆ ಅಲ್ಲವೇ ಅನುಮಾನ ಪಡಬೇಕಾದ್ದು? ಒಬ್ಬರೇ ಟೀಚರು ಮೂರು ತರಗತಿ ಹಿಡಿಯುವ ಶಾಲೆಗಳ ಕಷ್ಟ ನಿಜ. ಆದರೆ ಇದಕ್ಕೆ ಬೇಕಿರುವುದು ಸ್ಮಾರ್ಟ್ ಬೋರ್ಡ್ ಅಲ್ಲ, ಒಂದು ಚೀಲ. ದೊಡ್ಡ ಮಕ್ಕಳು ಚೀಲ ಹಿಡಿದರೆ ಚಿಕ್ಕವರು ಕೇಳುತ್ತಾರೆ. ಒಗಟು ಬಿಡಿಸಿ, ಮುಷ್ಟಿಯಲ್ಲಿ ಹುಣಸೆ ಬೀಜ ಹಿಡಿದು ‘ಸರಿಯೋ ಬೆಸವೋ’ ಆಡಿ ಬೆಳೆದ ಮಕ್ಕಳಿಗೆ ಊಹಿಸುವುದನ್ನು ಯಾರೂ ಕಲಿಸಬೇಕಿಲ್ಲ.

ಆಟದ ಹೆಸರಿನಲ್ಲೂ ಮೋಸ ನಡೆಯುತ್ತದೆ, ಅದನ್ನೂ ಹೇಳಬೇಕು. ಮೇಷ್ಟ್ರೇ ಸುಳಿವು ಕೊಡುವುದು, ಮುಂದಿನ ಬೆಂಚಿನ ಇಬ್ಬರು ಜಾಣರು ಉತ್ತರ ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು. ಇದು ಹಳೇ ಕವಾಯತಿಗೆ ಹೊಸ ಅಂಗಿ ತೊಡಿಸಿದಂತೆ. ಚೀಲ ಮಗುವಿನ ಕೈಯಲ್ಲಿರಬೇಕು, ಸರದಿ ಎಲ್ಲರಿಗೂ ಬರಬೇಕು, ಮೇಷ್ಟ್ರು ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟದ ಕೆಲಸ!

ಎಸೆಸೆಲ್ಸಿಯಲ್ಲಿ ಇಂಗ್ಲಿಷ್ ಪಾಸಾಗಿ ಪೇಟೆಯ ಕಾಲೇಜು ಸೇರಿದ ನಮ್ಮ ಹುಡುಗ ಹುಡುಗಿಯರು ಅರ್ಥವಾಗದಿದ್ದರೂ ಎದ್ದು ಕೇಳುವುದಿಲ್ಲ. ಅವರು ದಡ್ಡರಲ್ಲ. ಹತ್ತು ವರ್ಷ ಇಂಗ್ಲಿಷಿನಲ್ಲಿ ಉತ್ತರ ಹೇಳಿಸಿದ್ದೇವೆ, ಪ್ರಶ್ನೆ ಕೇಳಲು ಬಿಟ್ಟಿಲ್ಲ, ಅಷ್ಟೇ.

ಎಸ್‌ಡಿಎಂಸಿಯಲ್ಲಿ ಇರುವವರು, ಸಿಆರ್‌ಪಿ, ಬಿಇಒಗಳು ಮುಂದಿನ ಸಲ ಶಾಲೆಗೆ ಹೋದಾಗ ಎಷ್ಟು ಪುಟ ಬರೆಸಿದಿರಿ ಎಂದು ಕೇಳಬೇಡಿ. ಇವತ್ತು ಮಕ್ಕಳು ಇಂಗ್ಲಿಷಿನಲ್ಲಿ ಎಷ್ಟು ಪ್ರಶ್ನೆ ಕೇಳಿದರು ಎಂದು ಕೇಳಿ. ಆ ಲೆಕ್ಕ ಸೊನ್ನೆಯಾಗಿದ್ದರೆ ನೋಟ್‌ಬುಕ್ಕು ಎಷ್ಟು ತುಂಬಿದ್ದರೇನು?