ನೀರಿನ ಮೇಲಿನ ನೆತ್ತ

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬುದು ನಮ್ಮ ಕಡೆಯ ಹಳೆಯ ಮಾತು. ಕೊಟ್ಟೂರಿಗೆ ಬಂದವರು ಹತ್ತಿರದ ಉಜ್ಜಿನಿಗೂ ಹೋಗಿ, ಮರುಳಸಿದ್ಧೇಶ್ವರನ ಗುಡಿಯನ್ನು ಹೊರಗಿನಿಂದಲೇ ಕಂಡು ಹಿಂದಿರುಗಿದರೆ ನೋಡಿಯೂ ನೋಡದಂತೆ. ಒಳಗೆ ಹೋಗಿ ಕತ್ತೆತ್ತಿ ನಿಂತಾಗಲೇ ಶಿಲ್ಪಿಯ ಕೈ ಎಂಥದೆಂದು ತಿಳಿಯುವುದು. ಎಳವೆಯಿಂದ ಈ ಮಾತನ್ನು ಕೇಳುತ್ತ ಬೆಳೆದ ನಾನೇ, ಕಳೆದ ಡಿಸೆಂಬರಿನ ರಜೆಯಲ್ಲಿ, ಗೋವೆಯ ಒಂದು ಹಡಗನ್ನು ಹೊರಗಿನಿಂದ ನೋಡಿ ಮರುಳಾದೆ.

ಉಜ್ಜಿನಿಯಲ್ಲಿ ಬೇಸಾಯ ಮಾಡಿಕೊಂಡಿರುವವನು ನನ್ನ ಚಿಕ್ಕಪ್ಪನ ಮಗ. ಮೆಕ್ಕೆಜೋಳ ಮಾರಿ ಬಂದ ಹಣದಲ್ಲಿ ಅರುವತ್ತು ಸಾವಿರ ರೂಪಾಯಿಯನ್ನು ಕೊಳವೆ ಬಾವಿಗೆಂದು ಬ್ಯಾಂಕಿನಲ್ಲಿ ತೆಗೆದಿರಿಸಿದ್ದ. “ಅಣ್ಣಾ, ನಾನು ಸಮುದ್ರ ನೋಡಿಲ್ಲ, ಒಂದ್ಸಲ ತೋರ್ಸು” ಎಂದ. ಎರಡು ಸಂಸಾರಗಳೂ ಕೂಡಿ ಹೊಸಪೇಟೆಯಲ್ಲಿ ರೈಲು ಹತ್ತಿದೆವು.

ಎರಡು ದಿನ ಸಮುದ್ರವನ್ನು ಕಂಡದ್ದಾಯಿತು. ಮೂರನೆಯ ಸಂಜೆ ಪಣಜಿಯಲ್ಲಿ ಮಾಂಡೋವಿ ನದಿಯ ದಂಡೆಗೆ ಬಂದೆವು. ನೀರಿನ ಮೇಲೆ ಸಾಲಾಗಿ ಹಡಗುಗಳು. ಒಂದೊಂದಕ್ಕೂ ಮದುವೆಯ ಮನೆಯ ದೀಪಾಲಂಕಾರ. ಅವು ಜೂಜಿನ ಮನೆಗಳೆಂದು ನನಗೆ ತಿಳಿಯದೆ ಇರಲಿಲ್ಲ. “ಒಮ್ಮೆ ನೋಡಿ ಬರುವುದರಲ್ಲಿ ತಪ್ಪೇನು?” ಎಂದು ನಾನೇ ಹೇಳಿದೆ. ಹೆಂಗಸರನ್ನೂ ಮಕ್ಕಳನ್ನೂ ವಸತಿಗೃಹಕ್ಕೆ ಕಳುಹಿಸಿ, ಪ್ರವೇಶಧನ ತೆತ್ತು, ಚಿಕ್ಕ ದೋಣಿಯಲ್ಲಿ ಕುಳಿತು ಹಡಗನ್ನು ಸೇರಿದೆವು.

ಹೆಸರು ಹಡಗೆಂದು, ಆದರೆ ಲಂಗರು ಹಾಕಿ ನಿಂತಲ್ಲಿಯೇ ನಿಂತಿತ್ತು. ಪ್ರಯಾಣ ಮಾಡುತ್ತಿದ್ದುದು ಪ್ರಯಾಣಿಕರ ಹಣವೊಂದೇ. ಹಣವನ್ನು ಬಣ್ಣದ ಬಿಲ್ಲೆಗಳಾಗಿ ಮಾರ್ಪಡಿಸಿ ಕೈಗಿಡುತ್ತಾರೆ. ನೋಟನ್ನು ಎಣಿಸುವಾಗ ನಡುಗುವ ಕೈ, ಬಿಲ್ಲೆಯನ್ನು ತಳ್ಳುವಾಗ ನಡುಗುವುದಿಲ್ಲ. ಎಷ್ಟು ಹುಡುಕಿದರೂ ಗೋಡೆಗಳ ಮೇಲೆ ಒಂದು ಗಡಿಯಾರ ನನಗೆ ಕಾಣಲಿಲ್ಲ.

ಒಂದು ಮೇಜಿನ ಬಳಿ ನನ್ನ ತಮ್ಮನ ಮುಖ ಅರಳಿತು. ಅಲ್ಲಿ ನಡೆಯುತ್ತಿದ್ದುದು ನಮ್ಮ ಅಂದರ್ ಬಾಹರ್! ಜಾತ್ರೆಯ ಮರೆಯಲ್ಲಿ, ಬೇವಿನ ಮರದ ಕೆಳಗೆ, ಪೊಲೀಸರ ಸುಳಿವು ಸಿಕ್ಕೊಡನೆ ಚದುರಿಹೋಗುವ ಆಟಕ್ಕೆ ಇಲ್ಲಿ ಹಸಿರು ಮಕಮಲ್ಲಿನ ಹಾಸು. ಅರ್ಧ ಗಂಟೆಯಲ್ಲಿ ಅವನು ಎಂಟು ಸಾವಿರ ಗೆದ್ದ. ನಾನು ಅವನ ಬೆನ್ನು ತಟ್ಟಿ, “ಇವತ್ತು ನಿನ್ನ ಕೈ ಚೆನ್ನಾಗಿದೆ” ಎಂದೆ. ಪ್ರತಿ ವರ್ಷವೂ ತರಗತಿಯಲ್ಲಿ ಕುಮಾರವ್ಯಾಸನ ಸಭಾಪರ್ವವನ್ನು ಪಾಠ ಹೇಳುವ, ಧರ್ಮರಾಯನ ಅವಿವೇಕವನ್ನು ವಿವರಿಸುವ ನಾನು ಆಡಿದ ಮಾತು ಅದು. ನಡುರಾತ್ರಿಯ ಹೊತ್ತಿಗೆ ಗೆದ್ದ ಎಂಟೂ ಹೋಗಿ, ಅವನ ಖಾತೆಯಿಂದ ನಲವತ್ತು ಸಾವಿರವೂ ಹೋಗಿತ್ತು.

ಕೈ ಕೆಟ್ಟಿತೆಂದು ಅವನು ಅಂದುಕೊಂಡ. ಊರಿಗೆ ಬಂದ ಮೇಲೆ ನಾನು ಕಾಗದ ಹಿಡಿದು ಕುಳಿತೆ. ಆ ಆಟದಲ್ಲಿ ಮೊದಲ ಎಲೆ ಬೀಳುವ ಪಕ್ಕಕ್ಕೆ ಸಾವಿರಕ್ಕೆ ಸುಮಾರು 515 ಸಲ ಗೆಲುವು. ಆದುದರಿಂದ ಆ ಪಕ್ಕ ಗೆದ್ದರೆ ನೂರಕ್ಕೆ ತೊಂಬತ್ತನ್ನೇ ಕೊಡುವುದು ವಾಡಿಕೆ. ಇನ್ನೊಂದು ಪಕ್ಕಕ್ಕೆ ನೂರಕ್ಕೆ ನೂರು ಕೊಟ್ಟರೂ ಅದು ಗೆಲ್ಲುವುದೇ ಕಡಿಮೆ. ಒಳಗೆ ಇಟ್ಟರೂ ನಷ್ಟ, ಹೊರಗೆ ಇಟ್ಟರೂ ನಷ್ಟ! ರೂಲೆಟ್ ಚಕ್ರದ ಲೆಕ್ಕವೂ ಇಂಥದೇ. ಸೊನ್ನೆಯಿಂದ 36ರವರೆಗೆ 37 ಮನೆಗಳು. ಪ್ರತಿ ಮನೆಗೂ ನೂರರಂತೆ 3,700 ರೂಪಾಯಿ ಹೂಡಿದರೆ, ಗೆದ್ದ ಮನೆಯಿಂದ ಮರಳಿ ಬರುವುದು 3,600. ಉಳಿದ ನೂರು ಯಜಮಾನನಿಗೆ. ಅವನು ಮೋಸ ಮಾಡಬೇಕಾಗಿಲ್ಲ. ನೀವು ಎದ್ದು ಹೋಗದಿದ್ದರೆ ಸಾಕು.

ಗೋವೆಯಲ್ಲಿ ಜೂಜನ್ನು ತಡೆಯುವ ಕಾನೂನು 1976ರದು. ಅದಕ್ಕೆ 1992ರಲ್ಲಿ ಮಾಡಿದ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೂ, 1996ರ ತಿದ್ದುಪಡಿ ಹಡಗಿನ ಮೇಲಿನ ಆಟಗಳಿಗೂ ದಾರಿ ಮಾಡಿಕೊಟ್ಟವು. ಆದರೆ 2020ರ ಫೆಬ್ರುವರಿಯಲ್ಲಿ ಅಲ್ಲಿಯ ಸರ್ಕಾರ ತನ್ನ ಜನರು ಮಾತ್ರ ಆ ಬಾಗಿಲುಗಳನ್ನು ದಾಟಕೂಡದೆಂದು ವಿಧಿಸಿತು. ತನ್ನ ಮಕ್ಕಳಿಗೆ ಉಣಿಸಲೊಲ್ಲದ ಅಡುಗೆಯನ್ನು ಅತಿಥಿಗಳಿಗೆ ಬಡಿಸುವ ಮನೆಯನ್ನು ನಾವು ಏನೆಂದು ಕರೆಯುತ್ತೇವೆ?

ಸಂಕ್ರಾಂತಿಗೆ ಉಜ್ಜಿನಿಗೆ ಹೋದೆ. ಚಿಕ್ಕಮ್ಮನ ಮುಂದೆ ತಲೆಯೆತ್ತಲಾರದೆ, ತಮ್ಮನ ಪರವಾಗಿ ಒಂದು ವಾದ ಹೂಡಿದೆ. “ಕೊಳವೆ ಬಾವಿಯೂ ಒಂದು ಜೂಜೇ ಅಲ್ಲವೇ, ಚಿಕ್ಕಮ್ಮ? ನೀರು ಬೀಳದಿದ್ದರೆ ಆ ದುಡ್ಡೂ ಹೋಗುತ್ತಿತ್ತು.”

ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಕೆಳಗಿಟ್ಟರು. “ಹೋಗ್ತಿತ್ತಪ್ಪ, ಇಲ್ಲ ಅನ್ನಲ್ಲ. ಆದ್ರೆ ನಾವು ಸೋಲ್ಲಿ ಅಂತ ಭೂಮಿತಾಯಿ ದೀಪ ಹಚ್ಚಿ ಕಾಯ್ತಾ ಕುಂತಿರಾಕಿಲ್ಲ.”

ಎಂ.ಎ. ಓದಿದ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಿತ್ತುವವನಿಗೆ ಮಳೆ ಕೈಕೊಡಬಹುದು. ಆದರೆ ಅವನ ಬೆಳೆ ಒಣಗಿದ್ದರಿಂದ ಮೋಡಕ್ಕೆ ಲಾಭವಿಲ್ಲ. ಜೂಜಿನ ಮೇಜಿನ ಆಚೆ ಕುಳಿತವನಿಗಾದರೋ ನಮ್ಮ ಸೋಲೇ ಫಸಲು.

ರಜೆಗೆ ಗೋವೆಗೆ ಹೊರಟಿರುವ ಓದುಗರಿಗೆ ಉಪದೇಶ ಮಾಡುವ ಅರ್ಹತೆಯನ್ನು ನಾನು ಆ ರಾತ್ರಿಯೇ ಕಳೆದುಕೊಂಡೆ. ಆದರೂ ಒಂದು ಮಾತು. ಹಡಗಿನ ದೀಪಗಳನ್ನು ದಂಡೆಯಿಂದಲೇ ನೋಡಿರಿ. ಅಲ್ಲಿಂದ ಅವು ನಿಜವಾಗಿ ಸುಂದರವಾಗಿವೆ, ಖರ್ಚೂ ಇಲ್ಲ. ಹತ್ತಲೇಬೇಕೆಂದಿದ್ದರೆ ಬ್ಯಾಂಕಿನ ಕಾರ್ಡನ್ನೂ ಫೋನನ್ನೂ ಮನೆಯಾಕೆಯ ಕೈಗೆ ಕೊಟ್ಟು ಹತ್ತಿರಿ. ಜೊತೆಯವರು ಗೆದ್ದಾಗ ದಯವಿಟ್ಟು ಬೆನ್ನು ತಟ್ಟಬೇಡಿರಿ.

ಕೊಳವೆ ಬಾವಿ ಮುಂದಿನ ವರ್ಷಕ್ಕೆ ಹೋಗಿದೆ. ಪ್ರತಿ ತಿಂಗಳ ಮೊದಲ ವಾರ ನಾನು ತಮ್ಮನ ಖಾತೆಗೆ ಎರಡು ಸಾವಿರ ರೂಪಾಯಿ ಕಳುಹಿಸುತ್ತಿದ್ದೇನೆ. ಅವನು ಬೇಡವೆನ್ನುತ್ತಾನೆ. ಅದು ಸಾಲವೂ ಅಲ್ಲ, ದಾನವೂ ಅಲ್ಲ. ಅಂದು ನಾನು ಆಡಿದ ಒಂದು ಮಾತಿನ ಬಾಬ್ತು.